ಮೂವತ್ತಾರನೆಯ ಕಾಯಿ

"ನಿನ್ ಮಗ್ಳಿಗೆ ಸೈನ್ಸ್ ಬೇರೆ ಕೇಡು. ಮೂವತ್ತೈದ್ ಬಂದ್ರೆ ಪಾಸು. ನಿಮ್ಗೆ ಅಷ್ಟು ಸಾಕ್ ಬುಡೇ."

ಅಣ್ಣಯ್ಯಪ್ಪ ಹೀಗೆಂದಾಗ ಹನುಮಕ್ಕ ಅವನದೇ ತೆಂಗಿನಕಾಯಿ ಸುಲಿಯುತ್ತಿದ್ದಳು. ಚೇಳೂರಿನ ಆ ತೋಟವೂ ಅವನದು, ಹೈಸ್ಕೂಲು ಸಮಿತಿಯ ಅಧ್ಯಕ್ಷಗಿರಿಯೂ ಅವನದು. ಹತ್ತನೇ ಕ್ಲಾಸನ್ನು ಎರಡು ಕೋಣೆಗೆ ಹಂಚಿಸಿದ ಪುಣ್ಯಾತ್ಮನೂ ಅವನೇ. ತೋಟದವರ ಮಕ್ಕಳು ತೊಂಬತ್ತು ತೆಗೆಯುವವರ ಕೋಣೆಗೆ, ಕೂಲಿಯವರ ಮಕ್ಕಳು ಪಾಸಿಂಗ್ ಪ್ಯಾಕೇಜಿಗೆ. ಅಲ್ಲಿ ಪಾಸಾಗುವಷ್ಟನ್ನು ಮಾತ್ರ ಕಲಿಸುತ್ತಾರೆ. ಹನುಮಕ್ಕನ ಮಗಳು ಸುಶ್ಮಿತಾ ಜೂನ್‌ನಿಂದ ಹೃದಯದ ಚಿತ್ರವನ್ನೇ ಬರೆದೂ ಬರೆದೂ, ಈಗ ರಾಗಿ ರೊಟ್ಟಿ ತಟ್ಟಿದರೂ ಅದಕ್ಕೆ ನಾಲ್ಕು ಕೋಣೆ ಮೂಡುತ್ತಿದ್ದವು. ತುಮಕೂರಿನಲ್ಲಿ ಪಿಯು ಸೈನ್ಸ್ ಸೀಟು ಸಿಗಬೇಕಾದರೆ ಹೃದಯವೊಂದೇ ಸಾಲದು, ಗಣಿತವೂ ಬೇಕು. ಪರೀಕ್ಷೆಗೆ ಮೂರೇ ತಿಂಗಳು. ಮಗಳನ್ನು ಆಚೆ ಕೋಣೆಗೆ ಕಳಿಸಿ ಎಂದು ಕೇಳಿದ್ದಕ್ಕೆ ಮೇಷ್ಟ್ರು ಅಧ್ಯಕ್ಷರ ಕಡೆ ಕೈ ತೋರಿಸಿದ್ದರು. ಅಧ್ಯಕ್ಷರು ಹೀಗೆ ಹರಸಿದರು.

ಹನುಮಕ್ಕನಿಗೆ ಮೈಯೆಲ್ಲ ಉರಿಯಿತು. ಅವನ ಮುಂದೆ ಬಾಯಿ ಬಿಡಲಿಲ್ಲ. ಸಂಜೆ ನಲ್ಲಿಯ ಹತ್ತಿರ ಹೆಂಗಸರ ಮುಂದೆ ಬಿಟ್ಟಳು.

ಮರುದಿನ ಲಾರಿ ಬಂದು ನಿಂತಿತ್ತು. ತಲೆಗೆ ನೂರು ಕಾಯಿಯಂತೆ ಗುಡ್ಡೆ ಹಾಕಿದ್ದರು. ಹನುಮಕ್ಕ ನೆಟ್ಟ ಹಾರೆಗೆ ಚುಚ್ಚಿ ಮೂವತ್ತೈದು ಸುಲಿದಳು. ಆಮೇಲೆ ಸೆರಗು ಕೊಡವಿ, ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಂಡಳು. ಪಕ್ಕದ ಕದರಮ್ಮನೂ ಕೂತಳು, ಅವಳ ಮಗನೂ ಪಾಸಿಂಗ್ ಪ್ಯಾಕೇಜಿನವನೇ. ಇಡೀ ಸಾಲೇ ಕೂತಿತು.

ಅಣ್ಣಯ್ಯಪ್ಪ ಓಡಿಬಂದ. "ಏನ್ರೇ ಮುಂಡೇವಾ, ಮಿಕ್ಕಿದ್ದ ನಿಮ್ಮಪ್ಪ ಬಂದ್ ಸುಲೀತಾನಾ?"

"ನೂರಕ್ಕೆ ಮೂವತ್ತೈದ್ ಆಗೈತೆ ಗೌಡ್ರೇ," ಎಂದಳು ಹನುಮಕ್ಕ. "ಪಾಸು."

ಲಾರಿ ಡ್ರೈವರ್ ಕಿಸಕ್ಕನೆ ನಕ್ಕ. ಬೇರೆ ಆಳು ತರುತ್ತೇನೆಂದು ಅಣ್ಣಯ್ಯಪ್ಪ ಹಾರಾಡಿದ. ಇದ್ದಬದ್ದ ಆಳುಗಳೆಲ್ಲ ವಸಂತನರಸಾಪುರದ ಫ್ಯಾಕ್ಟರಿ ಸೇರಿದ್ದು ಅವನಿಗೂ ಗೊತ್ತಿತ್ತು. ರೋಷಕ್ಕೆ ತಾನೇ ಒಂದು ಕಾಯಿ ಹಾರೆಗೆ ಚುಚ್ಚಿ ತಿರುವಿದ. ಮಟ್ಟೆ ಬಿಚ್ಚಲಿಲ್ಲ, ಪಂಚೆ ಬಿಚ್ಚಿಕೊಂಡಿತು. ಡ್ರೈವರ್ ಹೊತ್ತಾಯಿತೆಂದು ಹಾರ್ನ್ ಒತ್ತಿದ. ಕೊನೆಗೆ ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡೇ ಅಣ್ಣಯ್ಯಪ್ಪ ಮೇಷ್ಟ್ರಿಗೆ ಫೋನ್ ಮಾಡಿದ.

"ಆ ಸುಶ್ಮಿತಾನ ಆಚೆ ರೂಮಿಗ್ ಕಳ್ಸ್ರೀ ಅತ್ಲಾಗೆ."

ಹನುಮಕ್ಕನ ಕಣ್ಣು ತುಂಬಿ ಬಂತು. ಎದ್ದು ಮೂವತ್ತಾರನೆಯ ಕಾಯಿ ಕೈಗೆತ್ತಿಕೊಂಡಳು. ಕದರಮ್ಮ ಮಾತ್ರ ಏಳಲಿಲ್ಲ.

"ನಮ್ ಹುಡ್ಗನ್ ಹೆಸ್ರು ಹೇಳ್ಲಿಲ್ಲ ಕಣಕ್ಕ," ಎಂದಳು ಮೆಲ್ಲಗೆ.

ಹನುಮಕ್ಕ ಆ ಕಾಯಿಯನ್ನು ವಾಪಸು ಗುಡ್ಡೆಗೆ ಎಸೆದು, ಮತ್ತೆ ಕಾಲು ಚಾಚಿ ಕೂತಳು.