ಆರು ವರ್ಕರ್‌ಗಳ ಮೊತ್ತ

ಹನ್ನೆರಡು ಜಿಬಿ — ಚಂದ್ರಮೋಹನ್ ಸಾರ್ ಗೋಡೆಯ ಪರದೆಯಲ್ಲಿ ರಿಪೋರ್ಟನ್ನು ದೊಡ್ಡದು ಮಾಡಿದಾಗ ಶ್ರೀವಾಣಿಯ ಕಣ್ಣು ಆ ಮೊತ್ತದ ಮೇಲೆಯೇ ನಿಂತುಬಿಟ್ಟಿತು, ಹನ್ನೆರಡು ಹೇಗೆ, ಸರ್ವರ್‌ಗೆ ಇರುವ ಮೆಮೊರಿಯೇ ಎಂಟು, ಎಂಟರಲ್ಲಿ ಹನ್ನೆರಡು ಹಿಡಿಸುವುದು ಯಾವ ಸೀಮೆ ಲೆಕ್ಕ, ನಿನ್ನೆ ಇಡೀ ದಿನ ಕೂತು ಕೂಡಿಸಿದವಳ ಕಣ್ಣಿಗೆ ಮಂಕು ಕವಿದಿತ್ತೇ — ಎದುರಿಗೆ ಕದಿರೇಶ ಕೈಕಟ್ಟಿ ಕೂತಿದ್ದಾನೆ, ಹಾಲಿನ ತೂಕ, ಫ್ಯಾಟು ದಾಖಲಿಸುವ ಪ್ರೋಗ್ರಾಂ ಬರೆದವನು, ಬೆಳಗಾದರೆ ಸರ್ವರ್ ಉಸಿರುಗಟ್ಟುತ್ತದೆ, ಕ್ಯಾಲನೂರ ಡೇರಿಯಲ್ಲಿ ಜನ ಕ್ಯಾನು ಹಿಡಿದು ಚೀಟಿಗೆ ಕಾಯುತ್ತಾರೆ, ಬೈಗುಳವೆಲ್ಲ ಕೋಲಾರದ ಈ ಆಫೀಸಿಗೆ. ಮೆಮೊರಿ ಎಲ್ಲಿ ಸೋರ್ತಿದೆ ನೋಡಮ್ಮ ಅಂದಿದ್ದರು ನಿನ್ನೆ ಸಾರ್, ನೋಡಿದಳು, ಪ್ರೋಗ್ರಾಮಿನ ತಾಯಿ ಪ್ರೋಸೆಸ್ಸು ಕೆಲಸ ಹಂಚಲು ಆರು ಮರಿ ಪ್ರೋಸೆಸ್ಸು, ಅಂದರೆ ವರ್ಕರ್‌ಗಳನ್ನು ಹುಟ್ಟಿಸುತ್ತದೆ, ಹೊತ್ತು ಹೋದಂತೆ ಒಂದೊಂದೂ ಬೆಳೆದು ಎರಡೆರಡು ಜಿಬಿ ತೋರಿಸಿತು, ಕೂಡಿಸಿದಳು, ಕದಿರೇಶನ ಕೋಡ್ ಮೆಮೊರಿ ಸೋರಿಸುತ್ತಿದೆ ಎಂದು ಬರೆದೇಬಿಟ್ಟಳು.

ತನ್ನೂರು ಮಾಸ್ತಿಯಲ್ಲಿ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರಿಗೂ ಇರುವುದು ಒಂದೇ ಬೋರ್‌ವೆಲ್, ಸರ್ವೆಯವರು ಬಂದಾಗ ಬೇರೆಬೇರೆ ನಿಂತು ನಮ್ದೊಂದು ಬೋರ್ ಐತೆ ಸಾಮಿ ಅಂದರು, ಲೆಕ್ಕದಲ್ಲಿ ಮೂರಾಯಿತು, ಯಾರೂ ಸುಳ್ಳು ಹೇಳಿರಲಿಲ್ಲ — ವರ್ಕರ್‌ಗಳೂ ಹೇಳಿಲ್ಲ, ತಾಯಿ ತಂದಿಟ್ಟ ಹಾಲಿನ ದರಪಟ್ಟಿ, ಹಾಲಿನ ಸಂಘಗಳ ವಿವರ, ಎಲ್ಲ ಇರುವುದು ಒಂದೇ ಕಡೆ, ಆರೂ ಹಂಚಿಕೊಂಡು ಓದುತ್ತವೆ, ಆರೂ ನಂದು ಅಂದವು, ಅವಳು ಪೆದ್ದಿಯ ಹಾಗೆ ಆರು ಸಲ ಕೂಡಿಸಿದಳು, ಹಂಚಿಕೊಂಡದ್ದನ್ನು ಭಾಗ ಹಾಕಿ ಅಳೆಯಬೇಕಿತ್ತು, ಸರ್ವರ್ ಉಸಿರುಗಟ್ಟುವುದು ಬೇರೆ ಯಾತಕ್ಕೋ. ಹೇಳಬೇಕು, ಈಗಲೇ — ಹೇಳಿದರೆ? ಈ ತಿಂಗಳು ತನ್ನ ಕೆಲಸ ಖಾಯಂ ಆಗಬೇಕು, ಇದೂ ಗೊತ್ತಿಲ್ವೇನಮ್ಮ ಅನ್ನುತ್ತಾರೆ, ಸುಮ್ಮನಿದ್ದರೆ ಅವನ ಅನ್ನಕ್ಕೆ ಕಲ್ಲು, ಗಾಜಿನ ಬಾಗಿಲು ಮುಚ್ಚಿದೆ, ಭಯ, ಅದಕ್ಕಿಂತ ಹೆಚ್ಚಾಗಿ ನಾಚಿಕೆ, ಎದ್ದು ಓಡಿಹೋಗೋಣ ಅಂದರೆ ಬಾಗಿಲಿನ ಪಕ್ಕದ ಕುರ್ಚಿ ಅವನದೇ.

ಏನಪ್ಪಾ ಕದಿರೇಶ್, ಏನಾದ್ರೂ ಹೇಳೋದಿದ್ಯಾ, ಇಲ್ಲಾಂದ್ರೆ ನಿನ್ ಕೆಲ್ಸ ಇವತ್ತಿಗೇ ಸಾಕ್ಮಾಡೋಣ, ಅಂದರು ಸಾರ್. ಅವನು ಅವಳ ಕಡೆ ತಿರುಗಿದ, ಕೋಪವಿದ್ದಿದ್ದರೆ ಎಷ್ಟೋ ವಾಸಿಯಿತ್ತು — ವಾಣಕ್ಕ ಅಳೆದವ್ರೆ ಅಂದ್ಮೇಲೆ ಸರಿಯಾಗೇ ಇರ್ತದೆ ಸಾರ್, ನನ್ಗೇ ಗೊತ್ತಾಗ್ಲಿಲ್ಲ. ಸಾರ್, ಅಂದಳು ಅವಳು, ಅಂದಳೋ ಅಂದುಕೊಂಡಳೋ, ಯಾರೂ ತಿರುಗಲಿಲ್ಲ, ಅವನು ಐಡಿ ಕಾರ್ಡು ತೆಗೆಯುತ್ತಿದ್ದಾನೆ, ನೀಲಿ ದಾರ ಕಿವಿಗೆ ಸಿಕ್ಕಿಕೊಂಡಿದೆ, ಬಿಡಿಸಿಕೊಳ್ಳುತ್ತಿದ್ದಾನೆ, ಅದು ಬಿಡುವುದರೊಳಗೆ ಹೇಳಿಬಿಡು, ಬಾಯಿ ತೆರೆ, ನೀಲಿ ದಾರ, ಕಿವಿ ಬಗ್ಗಿಸಿ ಎಳೆಯುತ್ತಿದ್ದಾನೆ, ಹೇಳು — ನೀಲಿ ದಾರ, ಕಿವಿಯ ಹಿಂದೆ, ನೀಲಿ ದಾರ