ಮಲಗಿದ ಇಲಿಯ ಕಾವಲು

ಬೀದಿಯ ಯಾವ ಮಗ್ಗುಲಲ್ಲಿ ನೆರಳಿದೆಯೋ ಆ ಮಗ್ಗುಲಲ್ಲೇ ಅವರು ನಡೆಯುತ್ತಿದ್ದರು. ನೆರಳು ಮುಗಿದಲ್ಲಿ ನಿಂತು, ಎದುರು ಗೋಡೆಯ ನೆರಳನ್ನು ಕಣ್ಣಲ್ಲೇ ಅಳೆದು, ನಡುವಿನ ಬಿಸಿಲನ್ನು ನಾಲ್ಕೇ ದಾಪುಗಾಲಿನಲ್ಲಿ ದಾಟಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ನಿಧಾನವಾಗುತ್ತಿದ್ದರು. ಮೈಮೇಲೆ, ಕಡುಬೇಸಿಗೆಯಲ್ಲೂ, ಮೊಣಕಾಲು ಮುಟ್ಟುವ ಉಣ್ಣೆಯ ಕೋಟು. ಸೆಕೆಯಾಗುವುದಿಲ್ಲವೇ ಎಂದವರಿಗೆ ಒಂದೇ ಉತ್ತರ: "ಒಂಟೆ ತುಪ್ಪಳ ಬೋಳಿಸಿ ಬಿಸಿಲಿಗೆ ಬಿಟ್ಟು ನೋಡಿ, ಇನ್ನೂ ಜಾಸ್ತಿ ಬೆವರತ್ತೆ. ತುಪ್ಪಳ ಇರೋದೇ ಬಿಸಿಲನ್ನ ಹೊರಗಿಡೋಕೆ." ಮೃಗಾಲಯದ ಸಿಬ್ಬಂದಿಯ ಬಾಯಲ್ಲಿ ಹೀಗಾಗಿ ಅವರು ಒಂಟೆ ಮೇಷ್ಟ್ರು. ಆ ಕೋಟಿನೊಳಗೆ ಬೆನ್ನು ತೊಪ್ಪೆಯಾಗಿರುತ್ತಿದ್ದುದನ್ನು ನಾನು ಕಂಡಿದ್ದೇನೆ, ನಗುವನ್ನು ನುಂಗಿಕೊಂಡಿದ್ದೇನೆ.

ಅವರು ಅಲ್ಲಿನ ಮರುಭೂಮಿ ಕೋಣೆಯ ಪಾಲಕರು. ನಾನು ಫಲಕ ಬರೆಯುವವನು. ಮಂಜು ಕವಿದಾಗ ತಲೆ ಕೆಳಗೆ ಮಾಡಿ ನಿಂತು, ಬೆನ್ನ ಮೇಲೆ ಕೂಡಿದ ಹನಿ ಬಾಯಿಗೆ ಜಾರುವವರೆಗೆ ಕಾಯುವ ಜೀರುಂಡೆ, ಎದೆಯ ಗರಿಗಳಲ್ಲಿ ನೀರು ಹೀರಿಕೊಂಡು ದೂರದ ಮರಿಗಳಿಗೆ ಹೊತ್ತೊಯ್ಯುವ ಗಂಡುಹಕ್ಕಿ, ಇವುಗಳ ಗುಣಗಾನವನ್ನು ಅವರ ಬಾಯಲ್ಲಿ ಕೇಳಿ ಕೇಳಿ ನನ್ನ ಚಹಾ ಎಷ್ಟು ಸಲ ಆರಿತೋ ಲೆಕ್ಕವಿಲ್ಲ. ಆದರೆ ಅವರ ಪ್ರಾಣವೆಲ್ಲ ಇದ್ದದ್ದು ಒಂದು ನೆಗೆಯುವ ಇಲಿಯ ಮೇಲೆ. ಒಣಕಾಳು ತಿಂದೇ ಮೈಯೊಳಗೆ ನೀರು ಹುಟ್ಟಿಸಿಕೊಂಡು, ಹಗಲೆಲ್ಲ ಬಿಲದ ಬಾಯಿಗೆ ಮರಳು ಮೆತ್ತಿ, ತನ್ನುಸಿರಿನ ತೇವವನ್ನೇ ಒಳಗೆ ಉಳಿಸಿಕೊಂಡು ಮಲಗುವ ಆ ಜೀವವನ್ನು ನೋಡಲು ಬಂದವರಿಗೆ ಕಾಣುತ್ತಿದ್ದುದು ಬರಿಯ ಮರಳು. ಹಗಲನ್ನು ಇರುಳಾಗಿಸಿ ಇಲಿಯನ್ನು ಹೊರಗೆ ಬರಿಸುವ ಕೆಂಪುದೀಪಕ್ಕೆ ಅವರು ಕೊಟ್ಟ ಅರ್ಜಿಗಳೂ ಕಡತದೊಳಗೆ ಮಲಗಿದ್ದವು. ಜನ ಗಾಜು ತಟ್ಟುತ್ತಿದ್ದರು, ಮೋಸವೆಂದು ಬೈಯುತ್ತಿದ್ದರು. ಹನ್ನೊಂದು ವರ್ಷ ಅವರದು ಒಂದೇ ಮಾತು: "ಇದೆ ಸ್ವಾಮಿ. ಮಲಗಿದೆ." ಕೊನೆಗೆ ನನ್ನಿಂದ ಅದನ್ನೇ ಫಲಕದಲ್ಲಿ ಬರೆಸಿದರು.

ದೂರುಗಳು ಹೆಚ್ಚಾಗಿ ಒಂದು ಮಧ್ಯಾಹ್ನ ತನಿಖೆಯವರು ಬಂದರು. ಮೇಲ್ವಿಚಾರಕರು ಮೇಷ್ಟ್ರನ್ನು ಬದಿಗೆ ಕರೆದು, "ಬಿಲ ತೆಗೀರಿ. ಇಲಿ ಕಂಡ್ರೆ ಕೋಣೆ ಉಳಿಯತ್ತೆ, ಇಲ್ಲಾಂದ್ರೆ ಬೀಗ," ಎಂದರು. ಬೇರೆಡೆಯಿಂದ ಬಸಿರಾಗಿಯೇ ಬಂದಿದ್ದ ಈಗಿನ ಇಲಿ ಆ ವಾರವಷ್ಟೇ ಈದಿತ್ತು.

"ಒಳಗೆ ಮರಿಗಳಿವೆ. ಈ ಸೆಕೇಲಿ ಬಿಲ ಒಡೆದ್ರೆ ತೇವ ಹೋಗತ್ತೆ, ಅವು ಉಳಿಯಲ್ಲ. ಬೇಕಾದ್ರೆ ನಾನೇ ಗಾಜಿನೊಳಗೆ ಕೂತ್ಕೋತೀನಿ, ನನ್ನ ನೋಡ್ಲಿ."

ಬಂದವರು ಕಾಗದದಲ್ಲಿ 'ಖಾಲಿ' ಎಂದು ಬರೆದು ಹೋದರು. ಕೋಣೆ ಮುಚ್ಚುವ ಆದೇಶ ಬಂತು; ಮರಿಗಳು ಬಲಿತ ಮೇಲೆ ತಾಯಿಯೊಂದಿಗೆ ಅವನ್ನು ಬೇರೊಂದು ಮೃಗಾಲಯಕ್ಕೆ ಸಾಗಿಸಿದರು. ಪೆಟ್ಟಿಗೆಯ ಗಾಳಿಕಿಂಡಿಗಳನ್ನು ಮೇಷ್ಟ್ರು ಬೆರಳಿಟ್ಟು ಒಂದೊಂದಾಗಿ ಪರೀಕ್ಷಿಸಿದರು.

ಬೀಗ ಬೀಳಲು ಇನ್ನೂ ಕೆಲವು ದಿನವಿತ್ತು, ಬಾಗಿಲು ತೆರೆದೇ ಇತ್ತು. ಒಬ್ಬ ತಂದೆ ಆ ಬರಿದಾದ ಗಾಜಿನ ಮುಂದೆ ನನ್ನ ಫಲಕ ಓದಿ, ತಟ್ಟಲು ಹೊರಟ ಮಗಳ ಕೈ ಹಿಡಿದ.

"ಬೇಡ ಪುಟ್ಟಿ, ಮಲಗಿದೆಯಂತೆ. ಎಚ್ಚರ ಆಗತ್ತೆ."

ಹನ್ನೊಂದು ವರ್ಷದಲ್ಲಿ ಯಾರೂ ಆಡದ ಮಾತು. ಮೇಷ್ಟ್ರೂ ನಾನೂ ಪಕ್ಕದಲ್ಲೇ ನಿಂತಿದ್ದೆವು. ಮೇಷ್ಟ್ರು ಈಗಲಾದರೂ ಹಿಗ್ಗಲಿ ಎಂದು ಅವರ ಮುಖ ನೋಡಿದೆ. ಅವರು ಆ ಮಗುವಿನ ಎತ್ತರಕ್ಕೆ ಬಾಗಿ, "ಇಲ್ಲ ಕಣಮ್ಮ, ಈಗ ನಿಜವಾಗ್ಲೂ ಖಾಲಿ," ಎಂದರು. ಆಮೇಲೆ ನನ್ನತ್ತ ತಿರುಗಿ, "ಬಣ್ಣ ತಂದಿದ್ದೀಯೇನಪ್ಪಾ? ಬೋರ್ಡು ಅಳಿಸಿಬಿಡು."

ಅಳಿಸಿದೆ. ಅಂದು ಅವರು ಗೇಟಿನವರೆಗೂ ನೆರಳು ಹುಡುಕದೆ, ಬಿಸಿಲಲ್ಲೇ ನಡೆದುಹೋದರು.

ಇಂಥವರನ್ನು ನಾವು ಹಟಮಾರಿಗಳೆಂದು ನಕ್ಕು ಬದಿಗಿಡುತ್ತೇವೆ. ಕಣ್ಣಿಗೆ ಬೀಳದುದನ್ನು ಇದೆ ಇದೆ ಎಂದು ವರ್ಷಗಟ್ಟಲೆ ಹೇಳಿ ನಗೆಪಾಟಲಾಗುವ ಇವರು, ಲೋಕ ಕಡೆಗೊಮ್ಮೆ ನಂಬಿದಾಗ, ಆ ನಂಬಿಕೆಯ ಸುಖವನ್ನು ಒಂದು ಗಳಿಗೆಯೂ ಉಣ್ಣದೆ, ಇಲ್ಲದ್ದನ್ನು ಇಲ್ಲವೆಂದು ಹೇಳಿ ಎದ್ದುಹೋಗುತ್ತಾರೆ.