ಅಕೆಯೊ ಟೀಚರ ವಾಯುಭಾರಮಾಪಕ

ಒಗ್ವೆನೊ ಸರೋವರದಲ್ಲಿ ಮುಳುಗಿ ಸತ್ತು ಐದು ವಾರವಾಗಿತ್ತು. ಅವನ ಅಕ್ಕ ಅಕೆಯೊ ಇನ್ನೂ ಅತ್ತಿರಲಿಲ್ಲ. ಮ್ಫಂಗಾನೊ ದ್ವೀಪದಲ್ಲಿ ಸಾವಿನ ಮನೆಗೆ ಹೆಂಗಸರು ದಾರಿಯಿಂದಲೇ ಗೋಳಾಡುತ್ತ ಬರುವುದು ರೂಢಿ. ದೂರದ ನೆಂಟರೂ ಹಾಗೇ ಬಂದರು. ಒಡಹುಟ್ಟಿದವಳು ಮಾತ್ರ ಬಂದವರಿಗೆ ಕುರ್ಚಿ ಹಾಕಿಸುತ್ತ, ಚಹಾ ಸಾಲುತ್ತದೋ ಇಲ್ಲವೋ ಎಂದು ನೋಡುತ್ತ ಓಡಾಡಿದಳು. "ಕಲ್ಲೆದೆ ಕಣ್ರೇ ಟೀಚರಮ್ಮಂದು" ಎಂದು ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿತ್ತು. ಬಿದ್ದದ್ದು ಅಷ್ಟೇ, ನಾಟಲಿಲ್ಲ.

ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತಳಾದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವಳಿಗೊಂದು ಮನೆ ಹವಾಮಾನ ಯಂತ್ರ ಕೊಡಿಸಿದ್ದರು. ತಗಡಿನ ಮಾಡಿನ ಮೇಲೆ ಗಾಳಿ ಅಳೆಯುವ ಬಟ್ಟಲುಗಳು ಸುತ್ತುತ್ತಿದ್ದವು. ಅಡುಗೆಮನೆಯ ಗೂಡಿನಲ್ಲಿ ಅಂಕಿ ತೋರಿಸುವ ಪೆಟ್ಟಿಗೆ, ವಾಯುಭಾರಮಾಪಕ ಇದ್ದದ್ದು ಅದರ ಹೊಟ್ಟೆಯಲ್ಲಿ. ದಿನಾ ಬೆಳಿಗ್ಗೆ ಅಕೆಯೊ ದಂಡೆಗೆ ಇಳಿದು, ಒತ್ತಡ ಎಷ್ಟಿದೆಯೆಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದಳು. ಸಮುದ್ರಮಟ್ಟದಿಂದ ದ್ವೀಪ ಇರುವ ಎತ್ತರಕ್ಕೆ ಅದು ಎಂಟುನೂರ ಎಂಬತ್ತೆಂಟು ಮಿಲಿಬಾರ್ ಇರಬೇಕು. ಮೇಲಿದ್ದರೆ ಒಳ್ಳೆಯ ಹವೆ, ಇಳಿದರೆ ಬಿರುಗಾಳಿ. ಮಕ್ಕಳಿಗೆ ಕಲಿಸಿದ್ದೂ ಅದನ್ನೇ.

ಅವಳ ಯಂತ್ರ ಎಂದೂ ಅದಕ್ಕಿಂತ ಕೆಳಗೆ ತೋರಿಸಿರಲಿಲ್ಲ. "ಟೀಚರಮ್ಮನ ಯಂತ್ರ ಭಾಳ ಒಳ್ಳೇದು, ಯಾರ ಮೇಲೂ ಕೆಟ್ಟದ್ದು ಹೇಳಲ್ಲ" ಎಂದು ಬೆಸ್ತರು ಮಳೆಯಲ್ಲಿ ತೋಯುತ್ತಲೇ ಹಂಗಿಸುತ್ತಿದ್ದರು. ಅವಳೂ ನಕ್ಕುಬಿಡುತ್ತಿದ್ದಳು.

ಆ ದಿನ ಸಂಜೆ ನಾಲ್ಕಕ್ಕೆ ಒಗ್ವೆನೊ ಫೋನ್ ಮಾಡಿದ್ದ. ರಾತ್ರಿ ದೀಪದ ಬೆಳಕಲ್ಲಿ ಒಮೆನಾ ಎಂಬ ಸಣ್ಣ ಬೆಳ್ಳಿಮೀನು ಹಿಡಿಯಲು ಹೊರಟವನು.

"ಅಕ್ಕಾ, ಮೂಡಲ ಗುಡ್ಡದ ಮೇಲೆ ಮೋಡ ಕಪ್ಪಾಗಿದೆ. ನಿನ್ನ ಪೆಟ್ಟಿಗೆ ಏನನ್ನುತ್ತೆ?"

"ಎಂಟುನೂರ ತೊಂಬತ್ಮೂರು. ಮೇಲೇ ಇದೆ ಕಣೋ."

"ಹೋಗ್ಲಾ ಹಾಗಾದ್ರೆ?"

"ಹೋಗು, ಹೋಗು. ಬರುವಾಗ ನಂಗೂ ಒಂದು ಬುಟ್ಟಿ ತಾ."

ಹೆಣ ಸಿಕ್ಕಿದ್ದು ಮೂರನೆಯ ದಿನ. ಈ ಮಾತುಕತೆಯನ್ನು ಅಕೆಯೊ ಯಾರಿಗೂ ಹೇಳಲಿಲ್ಲ.

ಐದನೆಯ ವಾರ ಒಂದು ಬೆಳಿಗ್ಗೆ ತಗಡು ಒಡೆದುಹೋಗುವಂತೆ ಮಳೆ ಸುರಿಯಿತು. ಅಕೆಯೊ ಚಹಾ ಹಿಡಿದು ಗೂಡಿನ ಮುಂದೆ ನಿಂತಳು. ಎಂಟುನೂರ ತೊಂಬತ್ನಾಲ್ಕು. ಚಹಾ ಆರಿ ತಣ್ಣಗಾಗುವ ತನಕ ನಿಂತೇ ಇದ್ದಳು. ಮಾರನೆಯ ದಿನ ಪೆಟ್ಟಿಗೆಯನ್ನು ಒಂದು ಮೇಲ್ವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಆಚೆ ದಡದ ಹವಾಮಾನ ಕಚೇರಿಗೆಂದು ದೋಣಿ ಹತ್ತಿದಳು.

ಅಲ್ಲಿದ್ದ ಕಿಪ್ರುಟೊ ಎಂಬ ತೆಳ್ಳನೆಯ ಅಧಿಕಾರಿ ಅವಳ ಪೆಟ್ಟಿಗೆಯನ್ನು ಕಚೇರಿಯ ಮಾಪಕದ ಪಕ್ಕದಲ್ಲೇ, ಅದೇ ಮೇಜಿನ ಮೇಲೆ ಇಟ್ಟ. "ಒಂದು ಗಂಟೆ ಸುಮ್ನೆ ಬಿಡೋಣ ಮೇಡಂ. ದೋಣಿಯಲ್ಲಿ ಕುಲುಕಿ ಬಂದಿದೆ, ಸುಧಾರಿಸಿಕೊಳ್ಳಲಿ."

ಗಂಟೆಯಾದ ಮೇಲೆ ಅವರದು ೮೮೮.೧, ಅವಳದು ೮೯೩.೪. ಹದಿನೈದು ನಿಮಿಷಕ್ಕೊಮ್ಮೆಯಂತೆ ಮೂರು ಸಲ ನೋಡಿದರು. ಎರಡೂ ಒಟ್ಟಿಗೆ ಒಂದಿಷ್ಟು ಇಳಿದವು, ನಡುವಿನ ಅಂತರ ಮಾತ್ರ ಕದಲಲಿಲ್ಲ.

"ಐದು ಪಾಯಿಂಟ್ ಮೂರು ಹೆಚ್ಚು ತೋರಿಸ್ತಿದೆ. ತಂದಾಗ ಯಾರೂ ಹೊಂದಿಸಿಲ್ವಾ?"

"ಹೊಂದಿಸಬೇಕು ಅಂತ ಗೊತ್ತಿರಲಿಲ್ಲ."

ಎರಡು ಗುಂಡಿ ಒಟ್ಟಿಗೆ ಅದುಮಿದರೆ ಅಂಕಿ ಮಿಣುಕುತ್ತದೆ, ಆಮೇಲೆ ಕೆಳಗಿನ ಗುಂಡಿಯನ್ನು ಒಂದು ಸಲ ಒತ್ತಿದರೆ ಒಂದು ದಶಾಂಶ ಇಳಿಯುತ್ತದೆ. ಅವನು ಒತ್ತಲು ಹೋದಾಗ ಅಕೆಯೊ ಕೈ ಅಡ್ಡ ಹಿಡಿದು ತಾನೇ ಒತ್ತಿದಳು, ಐವತ್ಮೂರು ಸಲ. ಬೆರಳಿನ ತುದಿ ಕೆಂಪಾಯಿತು. ನೋಯುತ್ತಿದೆಯೇ ಎಂದು ಅವಳಿಗೆ ತಿಳಿಯಲಿಲ್ಲ.

ಆಮೇಲೆ ತಮ್ಮ ಮುಳುಗಿದ ದಿನಾಂಕ ಹೇಳಿ, ಆ ಸಂಜೆಯ ಲೆಕ್ಕ ತೆಗೆಸಿದಳು. ಕಿಪ್ರುಟೊ ದಪ್ಪ ಪುಸ್ತಕ ತಿರುವಿ ಹಾಕಿದ. ಎಂಟುನೂರ ಎಂಬತ್ತೇಳೂ ಮುಕ್ಕಾಲು.

"ನನ್ನದು ಸರಿಯಾಗಿದ್ದಿದ್ರೆ ಬಿರುಗಾಳಿ ಗೊತ್ತಾಗ್ತಿತ್ತಾ?" ಅವಳು ಕೇಳಿದಳು. ಹೌದೆನ್ನಲಿ ಎಂದೇ ಅವಳು ಬಂದಿದ್ದಳು. ತಪ್ಪು ತನ್ನದೆಂದು ಖಚಿತವಾದರೆ ಏನಾದರೊಂದು ಒಳಗೆ ಇಳಿದು ಅಳು ಬಂದೀತು ಎಂದುಕೊಂಡಿದ್ದಳು.

"ಇಲ್ಲ ಮೇಡಂ. ಸಮಭಾಜಕ ವೃತ್ತ ಇಲ್ಲೇ ಪಕ್ಕದಲ್ಲಿದೆ. ಇಲ್ಲಿ ಒತ್ತಡ ದಿನಾ ಬೆಳಿಗ್ಗೆ ಹತ್ತಕ್ಕೆ ಏರುತ್ತೆ, ಸಂಜೆ ನಾಲ್ಕಕ್ಕೆ ಇಳಿಯುತ್ತೆ. ಬಿಸಿಲಿದ್ರೂ ಅಷ್ಟೇ, ಮಳೆಯಿದ್ರೂ ಅಷ್ಟೇ. ಸರೋವರದ ಗಾಳಿ ಆ ಏರಿಳಿತದೊಳಗೇ ಮುಚ್ಚಿಹೋಗುತ್ತೆ. ನಮ್ಮ ಮಾಪಕಕ್ಕೇ ಸಿಗಲ್ಲ. ಏರಿದ್ರೆ ಒಳ್ಳೇದು, ಇಳಿದ್ರೆ ಕೆಟ್ಟದ್ದು ಅನ್ನೋದು ಚಳಿದೇಶದವರು ಬರೆದ ಪಾಠ."

"ಮೂವತ್ತು ವರ್ಷ ಕಲಿಸಿದೀನಿ" ಎಂದಳು ಅಕೆಯೊ, ಯಾರದೋ ಸುದ್ದಿ ಹೇಳುವವಳಂತೆ. ಪೆಟ್ಟಿಗೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು.

ಸಂಜೆ ದ್ವೀಪಕ್ಕೆ ಇಳಿದವಳು ನೇರ ಕರಿಹಲಗೆಯ ಬಳಿ ಹೋಗಿ, ಹಳೆಯ ಅಂಕಿ ಒರೆಸಿ, ಹೀಗೆ ಬರೆದಳು: 'ಒತ್ತಡದ ಅಂಕಿ ನೋಡಿ ದೋಣಿ ಬಿಡಬೇಡಿ. ನಾನು ಹೇಳಿಕೊಟ್ಟದ್ದು ತಪ್ಪು.'

ಬಲೆ ಮಡಚುತ್ತಿದ್ದ ಮುದುಕ ಓದಿಸಿ ಕೇಳಿಕೊಂಡು, "ಮತ್ತೇನು ನೋಡೋಣಮ್ಮಾ?" ಎಂದ.

"ಮೋಡ ನೋಡಿ. ನಿಮಗೆ ನನಗಿಂತ ಚೆನ್ನಾಗಿ ಗೊತ್ತು."

ಪಕ್ಕದಲ್ಲೇ ಒಗ್ವೆನೊನ ಹೆಂಡತಿ ಅಪೊಂಡಿ ಬಲೆಯ ಮೇಲೆ ಒಣಹಾಕಿದ ಒಮೆನಾದಿಂದ ಮರಳು, ಚಿಪ್ಪು ಆರಿಸುತ್ತಿದ್ದಳು. ಅಕೆಯೊ ಅವಳೆದುರು ಕುಕ್ಕರುಗಾಲಲ್ಲಿ ಕುಳಿತಳು.

"ಅಪೊಂಡಿ, ಅವತ್ತು ಅವನು ನನ್ನ ಕೇಳಿದ್ದ. ನಾನೇ ಹೋಗು ಅಂದೆ."

ಅಪೊಂಡಿಯ ಕೈ ನಿಲ್ಲಲಿಲ್ಲ. "ಗೊತ್ತು ಅತ್ತಿಗೆ. ಎರಡು ಕೈಯಲ್ಲೂ ದೀಪ ಇತ್ತು ಅವರಿಗೆ. ಫೋನನ್ನ ಕಿವಿಗೆ ಹಿಡಿದವಳು ನಾನೇ."

"ಐದು ವಾರ ಆಯ್ತು. ಯಾಕೆ ಬಾಯಿ ಬಿಡಲಿಲ್ಲ?"

"ನೀವು ಅಳ್ತೀರೇನೋ ಅಂತ ಕಾದೆ. ಅತ್ತ ಮೇಲೆ ಬೈಯೋಣ ಅಂತಿದ್ದೆ. ನೀವು ಅಳಲೇ ಇಲ್ಲ, ನಾನು ಬೈಯೋಕೂ ಆಗಲಿಲ್ಲ."

ಅಕೆಯೊ ಕಣ್ಣು ಮುಚ್ಚಿ ಪ್ರಯತ್ನಿಸಿದಳು. ತಮ್ಮನ ಮುಖ ತಂದುಕೊಂಡಳು, ಅವನ ದನಿ ತಂದುಕೊಂಡಳು. ಏನೂ ಬರಲಿಲ್ಲ.

"ಬರ್ತಿಲ್ಲ ಕಣೇ" ಎಂದಳು.

ಅಪೊಂಡಿ ಕೈಯಲ್ಲಿದ್ದ ಚಿಪ್ಪನ್ನು ಮರಳಿಗೆ ಎಸೆದಳು. "ಹಾಳಾದ ಯಂತ್ರ" ಎಂದಳು. ಮತ್ತೆ, "ಹಾಳಾದ ಅತ್ತಿಗೆ" ಎಂದಳು. ದನಿ ಒಡೆಯಿತು, ಅತ್ತವಳು ಅವಳೇ. ಅಕೆಯೊ ಬಲೆಯ ಅಂಚಿನಿಂದ ಸರಿದು ಅವಳ ಮಗ್ಗುಲಿಗೆ ಬಂದಳು. ಮೀನಿನ ಒಂದು ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡು ಚಿಪ್ಪು ಆರಿಸತೊಡಗಿದಳು. ಬೆಳಕು ಇರುವವರೆಗೂ ಇಬ್ಬರೂ ಆರಿಸಿದರು.